ಸರ್ ಹೆನ್ರಿ ಡೇಲ್: ಹಿಸ್ಟಮಿನ್ನಿನ ಮರ್ಮವನ್ನರಸಿದ ಮಹನೀಯರು

ಕಣಜದ ಹುಳು ಕಚ್ಚಿದೆಡೆಯಲ್ಲಿ ಚರ್ಮವು ಕೆಂಪೇರಿ ಊದಿಕೊಳ್ಳುವುದನ್ನು ಬಲ್ಲೆವು. ಹೂವಿನ ಪರಾಗವೋ ಹಳೆಯ ಪುಸ್ತಕದ ಧೂಳೋ ಮೂಗನ್ನು ಹೊಕ್ಕೊಡನೆ ಕೆಲವರಿಗೆ ಸೀನಿನ ಮೇಲೆ ಸೀನು ಬರುವುದನ್ನೂ ಬಲ್ಲೆವು. ಆ ಸೀನಿಗೆಂದು ಕೊಟ್ಟ ಮಾತ್ರೆಯನ್ನು ನುಂಗಿದ ವಿದ್ಯಾರ್ಥಿಯು ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವುದನ್ನು ಅಧ್ಯಾಪಕರಾದವರು ಕಂಡೇ ಇರುತ್ತಾರೆ. ಊತ, ಸೀನು, ತೂಕಡಿಕೆ ಎಂಬ ಈ ಮೂರು ಸಂಗತಿಗಳಿಗೂ ಒಂದೇ ಪದಾರ್ಥದೊಡನೆ ಸಂಬಂಧವುಂಟು. ಅದರ ಹೆಸರು ಹಿಸ್ಟಮಿನ್. ಅತ್ಯಲ್ಪ ಪ್ರಮಾಣದಲ್ಲಿ ನಮ್ಮ ದೇಹದಲ್ಲಿ ಅಡಗಿರುವ ಈ ವಸ್ತುವಿನ ಗುಣಸ್ವಭಾವಗಳನ್ನು ಮೊತ್ತಮೊದಲು ಕ್ರಮಬದ್ಧವಾಗಿ ಶೋಧಿಸಿ ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ಶರೀರಶಾಸ್ತ್ರಜ್ಞರಾದ ಸರ್ ಹೆನ್ರಿ ಹ್ಯಾಲೆಟ್ ಡೇಲ್ ಅವರು. ಅವರ ಜೀವಿತವು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ, ವಿದ್ಯಾಸಂಸ್ಥೆಗಳನ್ನು ಕಟ್ಟುವವರಿಗೂ ನಡೆಸುವವರಿಗೂ ಮನನಯೋಗ್ಯವಾದುದು.

ಡೇಲ್ ಅವರು 1875ನೆಯ ಇಸವಿ ಜೂನ್ 9ರಂದು ಲಂಡನ್ ನಗರದ ಇಸ್ಲಿಂಗ್‌ಟನ್ ಎಂಬ ಭಾಗದಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಜೇಮ್ಸ್ ಡೇಲ್ ಅವರು ಸ್ಟಾಫರ್ಡ್‌ಶೈರ್ ಪ್ರಾಂತದಿಂದ ಬಂದು ಕುಂಬಾರಿಕೆಯ ಉದ್ಯಮದಲ್ಲಿ ತೊಡಗಿದ್ದವರು. ಏಳು ಮಂದಿ ಮಕ್ಕಳಲ್ಲಿ ಹೆನ್ರಿ ಮೂರನೆಯವರು. ತಮ್ಮಂದಿರಲ್ಲಿ ಒಬ್ಬರಾದ ಬೆಂಜಮಿನ್ ಮುಂದೆ ಸಂಗೀತ ರಚನೆಯಲ್ಲಿ ಹೆಸರು ಗಳಿಸಿದರು. ಲಂಡನಿನ ಟಾಲಿಂಗ್‌ಟನ್ ಪಾರ್ಕ್ ವಿದ್ಯಾಲಯದಲ್ಲಿಯೂ ಅನಂತರ ಕೇಂಬ್ರಿಜಿನ ಲೀಸ್ ಶಾಲೆಯಲ್ಲಿಯೂ ವ್ಯಾಸಂಗ ಮಾಡಿದ ಬಾಲಕನು 1894ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಟ್ರಿನಿಟಿ ಕಾಲೇಜನ್ನು ಸೇರಿದನು. ಅಲ್ಲಿ ಗ್ಯಾಸ್ಕೆಲ್ ಮತ್ತು ಲ್ಯಾಂಗ್ಲಿ ಎಂಬ ಇಬ್ಬರು ಗುರುಗಳು ದೊರೆತುದು ಅವರ ಪುಣ್ಯವೆಂದೇ ಹೇಳಬೇಕು. ನಮ್ಮ ಇಚ್ಛೆಗೆ ಒಳಗಾಗದೆ ಹೃದಯ, ಕರುಳು, ರಕ್ತನಾಳಗಳನ್ನು ನಡೆಸುವ ನರವ್ಯೂಹದ ರಚನೆಯನ್ನು ಆ ಕಾಲದಲ್ಲಿ ಅವರಿಬ್ಬರಷ್ಟು ಆಳವಾಗಿ ಅರಿತವರು ವಿರಳ. ಗುರುಗಳು ಬಿತ್ತಿದ ಈ ಬೀಜವು ಶಿಷ್ಯರಲ್ಲಿ ಮೊಳೆತು ಫಲ ಕೊಟ್ಟುದು ಹಲವು ವರ್ಷಗಳ ಮೇಲೆ. 1900ರಲ್ಲಿ ಅವರು ಲಂಡನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣಕ್ಕೆ ತೊಡಗಿದರು. ಬಳಿಕ ಯೂನಿವರ್ಸಿಟಿ ಕಾಲೇಜಿನಲ್ಲಿ ಸ್ಟಾರ್ಲಿಂಗ್ ಮತ್ತು ಬೇಲಿಸ್ ಅವರ ಪ್ರಯೋಗಶಾಲೆಯನ್ನು ಸೇರಿದರು. ದೇಹದ ಒಂದು ಅಂಗವು ರಕ್ತದ ಮೂಲಕ ರಾಸಾಯನಿಕ ವಸ್ತುವೊಂದನ್ನು ಕಳುಹಿಸಿ ಮತ್ತೊಂದು ಅಂಗವನ್ನು ಎಚ್ಚರಿಸಬಲ್ಲುದೆಂಬುದನ್ನು 1902ರಲ್ಲಿ ಸಿದ್ಧಪಡಿಸಿದವರು ಆ ಇಬ್ಬರೇ. ಆಸ್ಟ್ರಿಯದಲ್ಲಿ ಅಧ್ಯಾಪಕರಾಗಲಿದ್ದ ಆಟೊ ಲೋಯಿ ಎಂಬ ತರುಣ ವಿದ್ವಾಂಸರ ಪರಿಚಯವೂ ಅಲ್ಲಿಯೇ ಆಯಿತು. ಆ ಸ್ನೇಹವು ಜೀವಮಾನವೆಲ್ಲ ಉಳಿಯಿತು.

1904ನೆಯ ವರ್ಷವು ಡೇಲ್ ಅವರ ಬಾಳಿನಲ್ಲಿ ಕವಲುದಾರಿಯಂತೆ ಬಂದಿತು. ಆ ವರ್ಷ ಅವರ ವಿವಾಹವಾಯಿತು. ಸಂಸಾರದ ಹೊಣೆ ಹೆಗಲಿಗೇರಿತು. ಔಷಧ ತಯಾರಕರಾದ ಹೆನ್ರಿ ವೆಲ್ಕಮ್ ಅವರು ತಮ್ಮ ಶರೀರಶಾಸ್ತ್ರ ಪ್ರಯೋಗಾಲಯಕ್ಕೆ ಬರುವಂತೆ ಆಹ್ವಾನವಿತ್ತರು. ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿದರೆ ವಿದ್ವತ್ತು ಮಾರಾಟದ ಸರಕಾಗುವುದೆಂದು ಮಿತ್ರರು ಅಡ್ಡಿ ಹೇಳಿದರು. ಅಂದಿನ ವಿದ್ವಲ್ಲೋಕದ ಅಭಿಪ್ರಾಯವೂ ಹಾಗೆಯೇ ಇದ್ದಿತು. ಆದರೆ ಡೇಲ್ ಅವರಿಗೆ ಬೇಕಾಗಿದ್ದುದು ನೆಮ್ಮದಿಯಾಗಿ ಸಂಶೋಧನೆ ನಡೆಸಲು ಒಂದು ಎಡೆ. ಅದು ಅಲ್ಲಿ ದೊರೆಯುವಂತಿದ್ದಿತು. ಅವರು ಒಪ್ಪಿದರು, ಎರಡು ವರ್ಷಗಳಲ್ಲಿಯೇ ಆ ಪ್ರಯೋಗಾಲಯದ ನಿರ್ದೇಶಕರಾದರು. ಧನಿಕರ ದ್ರವ್ಯವು ಜ್ಞಾನಕ್ಕೆ ಕೇಡೋ ಮೇಲೋ ಎಂಬ ಪ್ರಶ್ನೆಗೆ ಅವರ ಮುಂದಿನ ಹತ್ತು ವರ್ಷಗಳ ದುಡಿಮೆಯೇ ಉತ್ತರವಾಯಿತು.

ವೆಲ್ಕಮ್ ಅವರು ಹೊಸದಾಗಿ ಬಂದ ವಿದ್ವಾಂಸರಿಗೆ ಸೂಚಿಸಿದ ವಿಷಯ ಅರ್ಗಟ್. ರೈ ಎಂಬ ಶೀತದೇಶದ ಧಾನ್ಯದ ತೆನೆಗೆ ತಗಲುವ ಒಂದು ಬಗೆಯ ಬೂಷ್ಟು ಇದು. ಇದೇ ಕುಲದ ಬೂಷ್ಟು ನಮ್ಮ ಸಜ್ಜೆಯ ತೆನೆಗೂ ತಗಲುವುದುಂಟು. ಅರ್ಗಟ್ ತಗಲಿದ ಧಾನ್ಯವನ್ನು ತಿಂದ ಜನರಿಗೆ ಹಿಂದಿನ ಕಾಲದಲ್ಲಿ ಕೈಕಾಲುಗಳು ಕೊಳೆತು ಕರಿದಾಗುವ ಭೀಕರ ವ್ಯಾಧಿ ಬರುತ್ತಿದ್ದಿತು. ಅದನ್ನೇ ಅಳತೆಯರಿತು ಕೊಟ್ಟರೆ ಬಾಣಂತಿಯರ ರಕ್ತಸ್ರಾವವು ನಿಲ್ಲುತ್ತಿದ್ದಿತು. ವಿಷವೂ ಔಷಧವೂ ಒಂದೇ ಕಾಳಿನಲ್ಲಿ ಬೆರೆತಿದ್ದುವು. ಅದರಲ್ಲಿ ಯಾವ ಅಂಶದಿಂದ ಯಾವ ಪರಿಣಾಮವಾಗುವುದೆಂಬುದನ್ನು ಬಿಡಿಸಿ ಹೇಳುವವರು ಇರಲಿಲ್ಲ. ಡೇಲ್ ಅವರಿಗೆ ಈ ವಿಷಯದಲ್ಲಿ ಮೊದಲು ಹೆಚ್ಚಿನ ಆಸ್ಥೆಯಿರಲಿಲ್ಲ. ಆದರೂ ಒಪ್ಪಿಕೊಂಡ ಕೆಲಸವನ್ನು ಉಪೇಕ್ಷಿಸಲಿಲ್ಲ.

ಈ ಕಾಲದಲ್ಲಿ ನಡೆದ ಒಂದು ಸಂಗತಿಯನ್ನು ಡೇಲ್ ಅವರು ಮುಂದೆ ತಾವಾಗಿಯೇ ಹೇಳಿಕೊಂಡಿದ್ದಾರೆ. ಬೆಕ್ಕೊಂದಕ್ಕೆ ಅರ್ಗಟ್ಟಿನ ಸಾರವನ್ನು ಕೊಟ್ಟು ಅವರು ಪರೀಕ್ಷೆ ನಡೆಸಿದ್ದರು. ಆ ದಿನವೇ ಕಾರ್ಖಾನೆಯಿಂದ ಅಡ್ರಿನಲ್ ಗ್ರಂಥಿಯ ಸಾರವೊಂದು ತಪಾಸಣೆಗೆ ಬಂದಿತು. ಆ ಸಾರವು ರಕ್ತದ ಒತ್ತಡವನ್ನು ಏರಿಸಬೇಕು. ಅದೇ ಬೆಕ್ಕಿಗೆ ಅದನ್ನು ಚುಚ್ಚಿದಾಗ ಒತ್ತಡವು ಏರುವುದಕ್ಕೆ ಬದಲು ಇಳಿಯಿತು. ಸಾರವು ಕೆಟ್ಟಿದೆಯೆಂದು ಡೇಲ್ ಅವರು ತಿರಸ್ಕರಿಸಿದರು. ಒಂದು ವಾರದ ಮೇಲೆ ಮತ್ತೊಂದು ಮಾದರಿ ಬಂದಿತು. ಆ ದಿನವೂ ಅರ್ಗಟ್ ಉಂಡ ಬೆಕ್ಕೇ ಮೇಜಿನ ಮೇಲಿದ್ದಿತು. ಫಲವೂ ಹಾಗೆಯೇ ಬಂದಿತು. ಈ ಸಲ ಅವರು ನಿಂತು ಆಲೋಚಿಸಿದರು. ದೋಷವಿದ್ದುದು ಸಾರದಲ್ಲಿ ಅಲ್ಲ. ಅರ್ಗಟ್ಟಿನಲ್ಲಿದ್ದ ಒಂದು ಅಂಶವು ಅಡ್ರಿನಲಿನ್ನಿನ ಕ್ರಿಯೆಯನ್ನೇ ತಲೆಕೆಳಗು ಮಾಡಿದ್ದಿತು. 1906ರಲ್ಲಿ ಪ್ರಕಟವಾದ ಈ ಶೋಧನೆಯು ರಕ್ತದೊತ್ತಡದ ಔಷಧಗಳ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಮೊದಲ ಸಲ ತಪ್ಪೆಂದು ಬದಿಗಿಟ್ಟುದನ್ನು ಎರಡನೆಯ ಸಲ ಹಾಗೆಯೇ ಬಿಟ್ಟಿದ್ದರೆ ಈ ಮಾತು ಇತರರಿಗೆ ಸಲ್ಲುತ್ತಿದ್ದಿತು. ಅದೇ ವರ್ಷ ಪಿಟ್ಯುಯಿಟರಿ ಗ್ರಂಥಿಯ ಹಿಂಭಾಗದ ಸಾರವು ಗರ್ಭಕೋಶವನ್ನು ಬಲವಾಗಿ ಸಂಕುಚಿತಗೊಳಿಸುವುದನ್ನೂ ಅವರು ಕಂಡುಹಿಡಿದರು. ಇಂದಿಗೂ ಹೆರಿಗೆಯ ಕೋಣೆಗಳಲ್ಲಿ ಉಪಯೋಗಿಸುವ ಆಕ್ಸಿಟೋಸಿನ್ ಎಂಬ ಔಷಧದ ಮೂಲ ಅಲ್ಲಿದೆ.

ಹಿಸ್ಟಮಿನ್ನಿನ ಕಥೆ ಇನ್ನು ಮುಂದಿನದು. ಈ ವಸ್ತುವನ್ನು 1907ರಲ್ಲಿ ಜರ್ಮನಿಯ ವಿಂಡೌಸ್ ಮತ್ತು ಫೋಗ್ಟ್ ಎಂಬ ರಸಾಯನಶಾಸ್ತ್ರಜ್ಞರು ಕೃತಕವಾಗಿ ತಯಾರಿಸಿದ್ದರು. ಆದರೆ ಅದು ಜೀವಿಗಳ ಮೇಲೆ ಏನು ಮಾಡುವುದೆಂಬುದು ಅವರ ವಿಷಯವಾಗಿರಲಿಲ್ಲ. 1910ರಲ್ಲಿ ಡೇಲ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಬಾರ್ಜರ್ ಅವರು ಅದೇ ವಸ್ತುವನ್ನು ಅರ್ಗಟ್ಟಿನಿಂದ ಬೇರ್ಪಡಿಸಿದರು. ಪ್ರೋಟೀನುಗಳಲ್ಲಿ ಇರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ಇಂಗಾಲದ ಡೈ ಆಕ್ಸೈಡು ಕಳಚಿಹೋದರೆ ಉಳಿಯುವುದೇ ಹಿಸ್ಟಮಿನ್. ಡೇಲ್ ಅವರು ಪ್ಯಾಟ್ರಿಕ್ ಲೈಡ್ಲಾ ಅವರೊಡಗೂಡಿ ಅದರ ಗುಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಗಿನಿಯಿಲಿಗೆ ಅಲ್ಪ ಪ್ರಮಾಣದಲ್ಲಿ ಚುಚ್ಚಿದರೆ ಶ್ವಾಸನಾಳಗಳು ಬಿಗಿದುಕೊಂಡು ಪ್ರಾಣಿಯು ಉಸಿರುಕಟ್ಟಿ ಸಾಯುತ್ತಿದ್ದಿತು. ಬೆಕ್ಕು ನಾಯಿಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಸಡಿಲಗೊಂಡು ರಕ್ತದ ಒತ್ತಡವು ಕುಸಿಯುತ್ತಿದ್ದಿತು. ಕರುಳು, ಗರ್ಭಕೋಶಗಳ ಸ್ನಾಯುಗಳು ಸೆಟೆದುಕೊಳ್ಳುತ್ತಿದ್ದುವು.

ಇದನ್ನು ಕಂಡ ಡೇಲ್ ಅವರ ಮನಸ್ಸಿನಲ್ಲಿ ಒಂದು ಹೋಲಿಕೆ ಮೂಡಿತು. ಒಮ್ಮೆ ಒಗ್ಗದ ಪದಾರ್ಥವನ್ನು ಎರಡನೆಯ ಸಲ ದೇಹಕ್ಕೆ ಸೇರಿಸಿದರೆ ಪ್ರಾಣಿಯು ಥಟ್ಟನೆ ಕುಸಿದು ಬೀಳುವ ವಿಚಿತ್ರವನ್ನು 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೆ ಅವರು ವರ್ಣಿಸಿ, ಅದಕ್ಕೆ ಅನಫೈಲಾಕ್ಸಿಸ್ ಎಂದು ಹೆಸರಿಟ್ಟಿದ್ದರು. ಅದರ ಲಕ್ಷಣಗಳಿಗೂ ಹಿಸ್ಟಮಿನ್ನಿನ ಲಕ್ಷಣಗಳಿಗೂ ಎಳ್ಳಷ್ಟೂ ಭೇದವಿಲ್ಲವೆಂಬಂತೆ ತೋರಿತು. ಇಷ್ಟು ಕಂಡಮೇಲೆ ಹಿಸ್ಟಮಿನ್ನೇ ಈ ವ್ಯಾಧಿಯ ಕಾರಣವೆಂದು ಸಾರುವುದು ಮಾನವಸಹಜ. ಡೇಲ್ ಅವರು ಹಾಗೆ ಮಾಡಲಿಲ್ಲ. ಹಿಸ್ಟಮಿನ್ ಸಹಜವಾಗಿಯೇ ದೇಹದಲ್ಲಿ ಇದೆಯೆಂಬುದಕ್ಕೆ ಆಗ ಖಚಿತವಾದ ಸಾಕ್ಷ್ಯವಿರಲಿಲ್ಲ. 1911ರಲ್ಲಿ ಕರುಳಿನ ಒಳಪೊರೆಯಲ್ಲಿ ಅದು ದೊರೆಯಿತಾದರೂ, ಅಲ್ಲಿರುವ ಸೂಕ್ಷ್ಮಜೀವಿಗಳ ಕೊಳೆಯಿಸುವಿಕೆಯಿಂದ ಉಂಟಾಗಿರಬಹುದೆಂಬ ಆಕ್ಷೇಪಕ್ಕೆ ಎಡೆಯಿದ್ದಿತು. ಹೋಲಿಕೆಯು ಪ್ರಮಾಣವಾಗದು ಎಂಬ ತರ್ಕಶಾಸ್ತ್ರದ ನಿಯಮವನ್ನು ಅವರು ತಮ್ಮ ಅನುಮಾನಕ್ಕೂ ಅನ್ವಯಿಸಿಕೊಂಡರು.

ಅವರು ಕಾದುದು ಹದಿನೇಳು ವರ್ಷಗಳ ಕಾಲ. ಈ ನಡುವೆ 1914ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. ಅದೇ ವರ್ಷ ಸರಕಾರವು ಆರಂಭಿಸಿದ ವೈದ್ಯಕೀಯ ಸಂಶೋಧನ ವ್ಯವಸ್ಥೆಯನ್ನೂ ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರು ರಕ್ತಸ್ರಾವ ನಿಂತ ಮೇಲೂ ಕುಸಿದು ಸಾಯುತ್ತಿದ್ದುದೇಕೆಂಬ ಪ್ರಶ್ನೆ ಎದುರಾಯಿತು. ಹಿಸ್ಟಮಿನ್ನಿನ ಪ್ರಭಾವದಿಂದ ಸೂಕ್ಷ್ಮ ರಕ್ತನಾಳಗಳ ಗೋಡೆಯ ಮೂಲಕ ರಕ್ತದ ದ್ರವಾಂಶವು ಹೊರಕ್ಕೆ ಸೋರಿ, ರಕ್ತಪರಿಚಲನೆಯು ಬರಿದಾಗುವುದನ್ನು 1919ರಲ್ಲಿ ಲೈಡ್ಲಾ ಅವರೊಡನೆ ವಿವರಿಸಿದರು. ಕಟ್ಟಕಡೆಗೆ 1927ರಲ್ಲಿ ಬೆಸ್ಟ್, ಡಡ್ಲಿ, ಥಾರ್ಪ್ ಎಂಬ ಸಹಕಾರಿಗಳೊಡನೆ, ಆಗತಾನೆ ತೆಗೆದ ಪಿತ್ತಜನಕಾಂಗ ಮತ್ತು ಶ್ವಾಸಕೋಶಗಳಿಂದಲೇ ಹಿಸ್ಟಮಿನ್ನನ್ನು ಶುದ್ಧರೂಪದಲ್ಲಿ ಪಡೆದರು. ಕೊಳೆಯುವಿಕೆಯ ಆಕ್ಷೇಪವು ಅಲ್ಲಿಗೆ ತೀರಿತು. ಗ್ರೀಕ್ ಭಾಷೆಯಲ್ಲಿ ಅಂಗಾಂಶವೆಂಬರ್ಥವುಳ್ಳ ಶಬ್ದದಿಂದ ಹುಟ್ಟಿದ ಹಿಸ್ಟಮಿನ್ ಎಂಬ ಹೆಸರು ಅನ್ವರ್ಥವಾಯಿತು. 1932ರಲ್ಲಿ ಬರ್ಲಿನ್ನಿನ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಅವರ ಸಂಗಡಿಗರು, ಅನಫೈಲಾಕ್ಸಿಸ್ ಉಂಟಾದಾಗ ಗಿನಿಯಿಲಿಯ ಶ್ವಾಸಕೋಶದಿಂದ ಹಿಸ್ಟಮಿನ್ ಹೊರಬರುವುದನ್ನು ತೋರಿಸಿದರು. ಪಿತ್ತಗಂಧೆ, ಉಬ್ಬಸ, ಪರಾಗದ ನೆಗಡಿ ಮೊದಲಾದ ಒಗ್ಗದಿಕೆಯ ವ್ಯಾಧಿಗಳ ತಿಳಿವಳಿಕೆಗೆ ತಳಪಾಯವು ಹೀಗೆ ಬಿದ್ದಿತು.

ಅದೇ ಅರ್ಗಟ್ಟಿನಿಂದ ಮತ್ತೊಂದು ರತ್ನವೂ ಹೊರಬಿದ್ದಿತ್ತು. ಅದರ ಹೆಸರು ಅಸಿಟೈಲ್‌ಕೋಲಿನ್. ಅದು ನರಗಳ ಕ್ರಿಯೆಯನ್ನು ಅಕ್ಷರಶಃ ಅನುಕರಿಸುವುದನ್ನು ಡೇಲ್ ಅವರು 1914ರಲ್ಲಿಯೇ ಗಮನಿಸಿದ್ದರು. 1921ರಲ್ಲಿ ಮಿತ್ರರಾದ ಲೋಯಿ ಅವರು ಕಪ್ಪೆಯ ಎರಡು ಹೃದಯಗಳನ್ನಿಟ್ಟುಕೊಂಡು, ನರವು ತನ್ನ ಆಜ್ಞೆಯನ್ನು ರಾಸಾಯನಿಕ ವಸ್ತುವಿನ ಮೂಲಕ ರವಾನಿಸುವುದೆಂದು ತೋರಿಸಿದರು. 1929ರಲ್ಲಿ ಡೇಲ್ ಮತ್ತು ಡಡ್ಲಿ ಅವರು ಎತ್ತು ಮತ್ತು ಕುದುರೆಗಳ ಗುಲ್ಮದಿಂದ ಅಸಿಟೈಲ್‌ಕೋಲಿನ್ನನ್ನು ಬೇರ್ಪಡಿಸಿ, ಇದೂ ದೇಹದ ಸಹಜ ವಸ್ತುವೆಂದು ಸ್ಥಾಪಿಸಿದರು. 1933ರಲ್ಲಿ ಜರ್ಮನಿಯಲ್ಲಿ ನಾಜಿಗಳ ಆಡಳಿತ ಬಂದು, ಯೆಹೂದಿ ವಂಶದವರೆಂಬ ಏಕೈಕ ಕಾರಣಕ್ಕೆ ಫೆಲ್ಡ್‌ಬರ್ಗ್ ಅವರನ್ನು ಹುದ್ದೆಯಿಂದ ಹೊರದೂಡಲಾಯಿತು. ಡೇಲ್ ಅವರು ಅವರನ್ನು ಲಂಡನಿಗೆ ಬರಮಾಡಿಕೊಂಡರು. ಫೆಲ್ಡ್‌ಬರ್ಗ್ ಅವರು ತಮ್ಮೊಡನೆ ತಂದುದು ಜಿಗಣೆಯ ಸ್ನಾಯುವನ್ನು ತಕ್ಕಡಿಯಂತೆ ಉಪಯೋಗಿಸಿ ಅತಿಸೂಕ್ಷ್ಮ ಪ್ರಮಾಣದ ಅಸಿಟೈಲ್‌ಕೋಲಿನ್ನನ್ನು ಅಳೆಯುವ ವಿದ್ಯೆ. ಆ ವಿದ್ಯೆಯ ಬಲದಿಂದ, ಜರ್ಮನಿಯನ್ನು ತೊರೆದು ಬಂದ ಮತ್ತೊಬ್ಬ ವಿದುಷಿ ಮಾರ್ಥೆ ಫೋಗ್ಟ್ ಅವರನ್ನೂ ಒಡಗೂಡಿ, ನಮ್ಮ ಕೈಕಾಲುಗಳನ್ನು ಆಡಿಸುವ ನರಗಳ ತುದಿಯಲ್ಲಿಯೂ ಇದೇ ವಸ್ತುವು ಹೊರಬರುವುದೆಂದು 1936ರಲ್ಲಿ ಸಿದ್ಧಪಡಿಸಿದರು. ಆಶ್ರಯ ಕೊಟ್ಟವರಿಗೂ ಪಡೆದವರಿಗೂ ಸಮಾನವಾಗಿ ಶ್ರೇಯಸ್ಸು ಸಂದಿತು. ಆ ವರ್ಷವೇ ಡೇಲ್ ಮತ್ತು ಲೋಯಿ ಅವರಿಗೆ ಜಂಟಿಯಾಗಿ ನೊಬೆಲ್ ಪಾರಿತೋಷಕ ದೊರೆಯಿತು. ಎರಡೇ ವರ್ಷಗಳಲ್ಲಿ ಆಸ್ಟ್ರಿಯವು ನಾಜಿಗಳ ವಶವಾಗಿ, ಲೋಯಿ ಅವರು ಸೆರೆಮನೆ ಕಂಡರು. ಪಾರಿತೋಷಕದ ಹಣವನ್ನು ಒಪ್ಪಿಸಿ ಬರಿಗೈಯಲ್ಲಿ ದೇಶ ಬಿಡಬೇಕಾಯಿತು.

ಡೇಲ್ ಅವರ ಸಿದ್ಧಾಂತವನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ನರದಿಂದ ನರಕ್ಕೆ ಸಂದೇಶವು ವಿದ್ಯುತ್ತಿನ ರೂಪದಲ್ಲಿ ನೇರವಾಗಿ ಹಾಯುವುದೆಂದು ಆಸ್ಟ್ರೇಲಿಯದ ಜಾನ್ ಎಕಲ್ಸ್ ಅವರು ಪ್ರಬಲವಾಗಿ ವಾದಿಸಿದರು. ವಿದ್ವತ್ಸಭೆಗಳಲ್ಲಿ ಇಬ್ಬರ ವಾಗ್ವಾದವು ಬಿಸಿಯೇರುತ್ತಿದ್ದಿತು. ಆದರೆ ಸಭೆ ಮುಗಿದ ಮೇಲೆ ಸ್ನೇಹಕ್ಕೆ ಕುಂದು ಬರುತ್ತಿರಲಿಲ್ಲ. ಪತ್ರವ್ಯವಹಾರವು ಅವಿಚ್ಛಿನ್ನವಾಗಿ ನಡೆದಿದ್ದಿತು. 1951ರಲ್ಲಿ ಎಕಲ್ಸ್ ಅವರೇ ಮಿದುಳುಬಳ್ಳಿಯ ನರಕೋಶದೊಳಕ್ಕೆ ಸೂಕ್ಷ್ಮವಾದ ಗಾಜಿನ ನಳಿಗೆಯನ್ನು ತೂರಿಸಿ ಅಳೆದಾಗ, ಫಲವು ತಮ್ಮ ವಾದಕ್ಕೆ ವಿರುದ್ಧವಾಗಿ ಬಂದಿತು. ಅವರು ಸಂಕೋಚವಿಲ್ಲದೆ ರಾಸಾಯನಿಕ ಸಿದ್ಧಾಂತವನ್ನು ಅಂಗೀಕರಿಸಿದರು. ಗೆದ್ದವರು ಬೀಗಲಿಲ್ಲ, ಸೋತವರು ಕುಗ್ಗಲಿಲ್ಲ. ವಾದವು ಸತ್ಯಕ್ಕಾಗಿ ನಡೆದರೆ ಹೀಗಾಗುವುದು. ಎಕಲ್ಸ್ ಅವರಿಗೂ 1963ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಲೋಕವ್ಯವಹಾರದಲ್ಲಿಯೂ ಡೇಲ್ ಅವರು ಹಿಂದೆ ಬಿದ್ದವರಲ್ಲ. ಇನ್ಸುಲಿನ್ ಮುಂತಾದ ಔಷಧಗಳ ಬಲವು ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿದ್ದರೆ ರೋಗಿಯ ಪ್ರಾಣಕ್ಕೇ ಅಪಾಯ. ಎಲ್ಲ ದೇಶಗಳೂ ಒಪ್ಪುವ ಸಮಾನ ಅಳತೆಗಳನ್ನು ನಿಗದಿಪಡಿಸಲು, ರಾಷ್ಟ್ರಸಂಘದ ಆಶ್ರಯದಲ್ಲಿ 1920ರ ದಶಕದಲ್ಲಿ ಅವರು ಶ್ರಮಿಸಿದರು. 1928ರಿಂದ 1942ರವರೆಗೆ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾಲಯದ ನಿರ್ದೇಶಕರಾಗಿಯೂ, 1940ರಿಂದ 1945ರವರೆಗೆ, ಅಂದರೆ ಯುದ್ಧದ ಕಠಿಣ ವರ್ಷಗಳಲ್ಲಿ, ರಾಯಲ್ ಸೊಸೈಟಿಯ ಅಧ್ಯಕ್ಷರಾಗಿಯೂ ಇದ್ದರು. ಶತಮಾನಗಳಿಂದ ಪುರುಷರಿಗೆ ಮಾತ್ರ ಮೀಸಲಾಗಿದ್ದ ಆ ಸಂಸ್ಥೆಗೆ ಕ್ಯಾಥ್ಲೀನ್ ಲಾನ್ಸ್‌ಡೇಲ್ ಮತ್ತು ಮಾರ್ಜರಿ ಸ್ಟೀಫನ್‌ಸನ್ ಎಂಬ ಇಬ್ಬರು ಮಹಿಳೆಯರು ಮೊದಲ ಬಾರಿಗೆ ಆಯ್ಕೆಯಾದುದು ಅವರ ಅಧ್ಯಕ್ಷತೆಯ ಕಾಲದಲ್ಲಿ, 1945ರಲ್ಲಿ. ಹೆನ್ರಿ ವೆಲ್ಕಮ್ ಅವರು 1936ರಲ್ಲಿ ತೀರಿಕೊಂಡು ತಮ್ಮ ಸಂಪತ್ತನ್ನು ವೈದ್ಯ ಸಂಶೋಧನೆಗೆ ಧರ್ಮದರ್ಶಿಗಳ ಕೈಗೆ ಒಪ್ಪಿಸಿದ್ದರು. ಆ ನಿಧಿಗೆ 1938ರಿಂದ 1960ರವರೆಗೆ ಡೇಲ್ ಅವರೇ ಅಧ್ಯಕ್ಷರು. ತರುಣನಾಗಿದ್ದಾಗ ತನಗೆ ಪ್ರಯೋಗಾಲಯ ಕೊಟ್ಟ ದಾನಿಯ ದ್ರವ್ಯವನ್ನು ಮುಪ್ಪಿನಲ್ಲಿ ಕಾಪಾಡಿ ಮುಂದಿನವರಿಗೆ ಹಂಚಿದ ಈ ನಿದರ್ಶನವು ಅಪೂರ್ವವಾದುದು. ಸೋವಿಯತ್ ದೇಶದಲ್ಲಿ ರಾಜಕೀಯ ಬಲದಿಂದ ಲೈಸೆಂಕೊ ಅವರ ಮತವನ್ನು ಮೆರೆಸಿ ವಂಶವಾಹಿಗಳ ಶಾಸ್ತ್ರವನ್ನು ತುಳಿದಾಗ, ಆ ದೇಶದ ವಿಜ್ಞಾನ ಅಕಾಡೆಮಿಯು ಕೊಟ್ಟಿದ್ದ ಗೌರವ ಸದಸ್ಯತ್ವವನ್ನು 1948ರಲ್ಲಿ ಅವರು ಹಿಂದಿರುಗಿಸಿದರು.

1968ರ ಜುಲೈ 23ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ, ಕೇಂಬ್ರಿಜಿನಲ್ಲಿ ಡೇಲ್ ಅವರು ಕಾಲವಶರಾದರು. ಆದರೆ ಅವರು ಕೈಹಿಡಿದು ಬೆಳೆಸಿದ ಹಿಸ್ಟಮಿನ್ನಿನ ಕಥೆಯ ಅತ್ಯಂತ ಸ್ವಾರಸ್ಯವಾದ ಅಧ್ಯಾಯವು ಅವರ ತರುವಾಯ ಬರೆಯಲ್ಪಟ್ಟಿತು. ಮಿದುಳಿನಲ್ಲಿ ಹಿಸ್ಟಮಿನ್ ಇದೆಯೆಂಬುದು 1940ರ ದಶಕದಲ್ಲಿಯೇ ತಿಳಿದಿದ್ದರೂ, ಅದಕ್ಕೆ ಅಲ್ಲಿ ಏನು ಕೆಲಸವೆಂಬುದು ಬಹುಕಾಲ ಅಸ್ಪಷ್ಟವಾಗಿದ್ದಿತು. 1984ರಲ್ಲಿ ಎರಡು ಬೇರೆಬೇರೆ ತಂಡಗಳು, ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ಸಿನ ಹಿಂಬದಿಯ ಒಂದು ಚಿಕ್ಕ ನೆಲೆಯಲ್ಲಿ ಹಿಸ್ಟಮಿನ್ ತಯಾರಿಸುವ ನರಕೋಶಗಳು ಗುಂಪುಗೂಡಿರುವುದನ್ನು ಕಂಡವು. ಅಲ್ಲಿಂದ ಹೊರಟ ತಂತುಗಳು ಮಿದುಳಿನ ಬಹುತೇಕ ಎಲ್ಲ ಭಾಗಗಳಿಗೂ ಹರಡಿವೆ; ಒಂದೇ ಕೆರೆಯಿಂದ ತೋಡಿದ ಕಾಲುವೆಗಳು ಊರಿನ ಗದ್ದೆಗಳಿಗೆಲ್ಲ ನೀರುಣಿಸುವಂತೆ.

ಆ ಹಿಸ್ಟಮಿನ್ ನರಕೋಶವನ್ನು ತಲುಪಿ ಮಾಡುವುದೇನು? ಪ್ರತಿಯೊಂದು ಕೋಶಕ್ಕೂ ಎರಡು ಪದರಗಳ ಮೇದಸ್ಸಿನಿಂದಾದ ತೆಳ್ಳನೆಯ ಪೊರೆಯುಂಟು. ಹಿಸ್ಟಮಿನ್ ಆ ಪೊರೆಯನ್ನು ದಾಟಿ ಒಳಹೋಗುವುದಿಲ್ಲ. ಪೊರೆಯಲ್ಲಿ ಹುದುಗಿರುವ ಗ್ರಾಹಕಗಳೆಂಬ ಪ್ರೋಟೀನುಗಳನ್ನು ಹೊರಗಿನಿಂದಲೇ ತಟ್ಟುತ್ತದೆ. ಇಂಥ ಗ್ರಾಹಕಗಳು ನಾಲ್ಕು ಬಗೆ. ಮೊದಲನೆಯ ಬಗೆಯದು ಎಚ್ಚೆತ್ತಾಗ, ಪೊರೆಯ ಒಳಮೈಯಲ್ಲಿರುವ ಒಂದು ಕಿಣ್ವವು ಚುರುಕಾಗಿ, ಪೊರೆಯ ಮೇದಸ್ಸುಗಳಲ್ಲಿ ಒಂದಾದ ಫಾಸ್ಫಾಟಿಡಿಲ್ ಇನೊಸಿಟಾಲಿನ ಫಾಸ್ಫೇಟುಗೂಡಿದ ರೂಪವನ್ನು ಸೀಳುತ್ತದೆ. ಆಗ ಎರಡು ತುಂಡುಗಳು ಉಂಟಾಗುತ್ತವೆ. ಒಂದು ನೀರಿನಲ್ಲಿ ಕರಗಿ ಕೋಶದೊಳಕ್ಕೆ ಹೋಗಿ ಅಲ್ಲಿ ಕೂಡಿಟ್ಟ ಕ್ಯಾಲ್ಸಿಯಮ್ಮನ್ನು ಬಿಡಿಸುತ್ತದೆ. ಮತ್ತೊಂದು ಪೊರೆಯಲ್ಲಿಯೇ ಉಳಿದು ಬೇರೊಂದು ಕಿಣ್ವವನ್ನು ಪ್ರಚೋದಿಸುತ್ತದೆ. 1953ರಲ್ಲಿ ಹೋಕಿನ್ ದಂಪತಿಗಳು ಮೇದೋಜೀರಕ ಗ್ರಂಥಿಯಲ್ಲಿ ಇಂಥ ಮೇದಸ್ಸಿನ ಪಲ್ಲಟವನ್ನು ಮೊದಲು ಕಂಡರು. ಅವರು ಉಪಯೋಗಿಸಿದ ಪ್ರಚೋದಕವು ಡೇಲ್ ಅವರ ಅಸಿಟೈಲ್‌ಕೋಲಿನ್ ಆಗಿದ್ದುದು ಗಮನಾರ್ಹ. 1983ರಲ್ಲಿ ಮೈಕೇಲ್ ಬೆರಿಡ್ಜ್ ಮತ್ತು ಸಂಗಡಿಗರು ಕ್ಯಾಲ್ಸಿಯಂ ಬಿಡುಗಡೆಯ ರಹಸ್ಯವನ್ನು ಬಿಡಿಸಿದರು. ಅದೇ ದಶಕದಲ್ಲಿ ಗಿನಿಯಿಲಿಯ ಮಿದುಳಿನ ತೆಳು ಚೂರುಗಳಿಗೆ ಹಿಸ್ಟಮಿನ್ ಸೋಕಿಸಿದಾಗಲೂ ಪೊರೆಯ ಈ ಮೇದಸ್ಸು ಒಡೆಯುವುದು ಸಿದ್ಧವಾಯಿತು. ಗ್ರಾಹಕದ ಎರಡನೆಯ ಬಗೆಯು ಆವರ್ತ ಎಎಂಪಿ ಎಂಬ ಬೇರೊಂದು ದೂತವನ್ನು ಹುಟ್ಟಿಸುತ್ತದೆ. ಮೂರನೆಯದು ಕಡಿವಾಣದಂತೆ, ಹಿಸ್ಟಮಿನ್ ಸಾಕಷ್ಟಾದಾಗ ಅದರ ಬಿಡುಗಡೆಯನ್ನೇ ತಡೆಯುತ್ತದೆ. ನಾಲ್ಕನೆಯದು ಮುಖ್ಯವಾಗಿ ರಕ್ಷಣೆಯ ಕೋಶಗಳಲ್ಲಿ ಕಾಣುತ್ತದೆ. ಮೊದಲನೆಯ ಬಗೆಯ ಗ್ರಾಹಕದ ಪ್ರಭಾವದಿಂದ ಪೊಟ್ಯಾಸಿಯಂ ಹೊರಸೂಸುವ ಕೆಲವು ದ್ವಾರಗಳು ಮುಚ್ಚಿ ನರಕೋಶವು ಜಾಗೃತವಾಗಿ ನಿಲ್ಲುತ್ತದೆ. ನಮ್ಮ ಎಚ್ಚರವೆಂಬುದಕ್ಕೆ ಇದೂ ಒಂದು ಆಧಾರ.

ಈಗ ತೂಕಡಿಸುವ ವಿದ್ಯಾರ್ಥಿಯ ಪ್ರಶ್ನೆಗೆ ಸಮಾಧಾನ ದೊರೆಯಿತು. 1937ರಲ್ಲಿ ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟಾಬ್ ಅವರು ಹಿಸ್ಟಮಿನ್ನಿಗೆ ಪ್ರತಿಯಾದ ಮೊದಲ ವಸ್ತುವನ್ನು ಕಂಡುಹಿಡಿದರು. ಆ ವಂಶದ ಹಳೆಯ ಮಾತ್ರೆಗಳು ಮೂಗಿನಲ್ಲಿರುವ ಗ್ರಾಹಕವನ್ನು ಮುಚ್ಚುವುದರ ಜೊತೆಗೆ ಮಿದುಳನ್ನೂ ಹೊಕ್ಕು ಎಚ್ಚರದ ಗ್ರಾಹಕವನ್ನು ಮುಚ್ಚುತ್ತವೆ. ಸೀನು ನಿಲ್ಲುತ್ತದೆ, ಜೊತೆಗೆ ನಿದ್ದೆಯೂ ಬರುತ್ತದೆ. ಹೊಸ ಮಾತ್ರೆಗಳು ಮಿದುಳಿಗೆ ಅಷ್ಟಾಗಿ ಪ್ರವೇಶಿಸವು. ಜೇಮ್ಸ್ ಬ್ಲ್ಯಾಕ್ ಅವರು 1972ರಲ್ಲಿ ಎರಡನೆಯ ಬಗೆಯ ಗ್ರಾಹಕವನ್ನು ಗುರುತಿಸಿದುದರ ಫಲವಾಗಿ, ಜಠರದ ಹುಣ್ಣಿನಿಂದ ಬಳಲುವವರಿಗೆ 1976ರಲ್ಲಿ ಸಿಮೆಟಿಡಿನ್ ಎಂಬ ಔಷಧವು ದೊರೆಯಿತು. ಮೂರನೆಯ ಬಗೆಯ ಕಡಿವಾಣವನ್ನು ಸಡಿಲಿಸುವ ಪಿಟೊಲಿಸಂಟ್ ಎಂಬ ಔಷಧವು 2016ರಿಂದ ಯೂರೋಪಿನಲ್ಲಿ ಹಗಲುನಿದ್ರೆಯ ವ್ಯಾಧಿಯಾದ ನಾರ್ಕೊಲೆಪ್ಸಿಗೆ ಸಮ್ಮತವಾಗಿದೆ.

ಒಂದು ಬೂಷ್ಟು ಹಿಡಿದ ತೆನೆಯಿಂದ ಹೊರಟ ದಾರಿಯು ಮಿದುಳಿನ ಎಚ್ಚರದವರೆಗೆ ನಡೆದು ಬಂದ ಬಗೆಯಿದು. ಇದರಲ್ಲಿ ಡೇಲ್ ಅವರ ಪಾಲು ಎಷ್ಟೆಂದು ತೂಗಿ ನೋಡುವಾಗ, ಅವರ ಬುದ್ಧಿಶಕ್ತಿಗಿಂತಲೂ ಅವರ ಶೀಲವೇ ಹೆಚ್ಚಾಗಿ ಕಣ್ಣಿಗೆ ಕಟ್ಟುತ್ತದೆ. ರುಚಿಸದ ವಿಷಯವನ್ನೂ ಶ್ರದ್ಧೆಯಿಂದ ಹಿಡಿದರು. ಎದುರಾದ ಅಸಂಗತವನ್ನು ಎರಡನೆಯ ಸಲ ತಳ್ಳಿಹಾಕಲಿಲ್ಲ. ಪ್ರಮಾಣವಿಲ್ಲದ ಮಾತನ್ನು ಹದಿನೇಳು ವರ್ಷ ತಡೆಹಿಡಿದರು. ನೆಲೆ ತಪ್ಪಿದ ವಿದ್ವಾಂಸರಿಗೆ ನೆಲೆ ಕೊಟ್ಟರು. ಪಾಠ ಹೇಳುವ ಅಧ್ಯಾಪಕರು ಹಿಸ್ಟಮಿನ್ನಿನ ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯುವಾಗ ಈ ಶೀಲದ ಕಥೆಯನ್ನೂ ಒಂದಿಷ್ಟು ಹೇಳಿದರೆ, ಮಕ್ಕಳು ಸೂತ್ರವನ್ನು ಮರೆತರೂ ಕಥೆಯನ್ನು ಮರೆಯಲಾರರು. ದಾನಿಗಳಾದವರು ತಾವು ಕಟ್ಟಿಸಿಕೊಟ್ಟ ಒಂದು ಕೊಠಡಿಯಲ್ಲಿ, ಕೊಡಿಸಿದ ಒಂದು ಸೂಕ್ಷ್ಮದರ್ಶಕದ ಮುಂದೆ, ಯಾವ ಊರಿನ ಯಾವ ಬಾಲಕನೋ ಬಾಲಕಿಯೋ ಏನನ್ನು ಕಾಣುವರೆಂದು ಮೊದಲೇ ಬಲ್ಲವರಲ್ಲ. ಅರ್ಗಟ್ಟನ್ನು ಪರೀಕ್ಷಿಸಿರೆಂದು ಹೇಳಿದ ದಿನ ಹೆನ್ರಿ ವೆಲ್ಕಮ್ ಅವರೂ ಬಲ್ಲವರಾಗಿರಲಿಲ್ಲ.